ಹಾಥಾರ್ನ್ ಮರಕ್ಕೆ ಕುಂಕುಮ

ಆಕ್ಲೆಂಡ್ ವಿಮಾನ ನಿಲ್ದಾಣ

ನ್ಯೂಜಿಲೆಂಡಿಗೆ ಬಂದಿಳಿದವರನ್ನು ಆ ದೇಶದವರು ಮೊದಲು ವಿಚಾರಿಸುವುದು ಯೋಗಕ್ಷೇಮವನ್ನಲ್ಲ, ಚೀಲದಲ್ಲಿ ಬೀಜವೇನಾದರೂ ಇದೆಯೇ ಎಂಬುದನ್ನು. ನನ್ನ ಚೀಲದಲ್ಲಿ ಇತ್ತು. ಒಂದು ಡಬ್ಬಿ ತುಂಬ ಎಲಚಿ ಹಣ್ಣು. ಚಿತ್ರದುರ್ಗದ ಸಂತೆಯಲ್ಲಿ ಹುಳುಕಿಲ್ಲದ್ದನ್ನೇ ಆರಿಸಿ, ತಾರಸಿಯ ಮೇಲೆ ಒಣಗಿಸಿ, ಕಾಗೆಗಳೊಡನೆ ಜಗಳವಾಡಿ ಉಳಿಸಿಕೊಂಡು ತಂದದ್ದು. ಸುಳ್ಳು ಹೇಳಲು ನನಗೆ ಬಾರದು ಎಂದಲ್ಲ. ಸಿಕ್ಕಿಬಿದ್ದರೆ ದಂಡ ಹಾಕುತ್ತಾರೆ ಎಂದು ತಂಗಿ ಹೆದರಿಸಿದ್ದಳು. ಹಾಗಾಗಿ ಇದೆ ಎಂದು ಒಪ್ಪಿಕೊಂಡೆ.

ಮೇಜಿನಾಚೆ ನಿಂತಿದ್ದ ಅಧಿಕಾರಿ ಹೊಸ ಅಳಿಯನಷ್ಟು ಮೃದು. ಮುಚ್ಚಳ ತೆಗೆದು ಮೂಸಿ ನೋಡಿ, "ಇದು ತಿನ್ನಲಿಕ್ಕೋ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಅಲ್ಲ, ಮಗುವಿನ ತಲೆಯ ಮೇಲೆ ಸುರಿಯಲಿಕ್ಕೆ."

ಅವನು ಮುಚ್ಚಳ ಮುಚ್ಚಿ ಹಿರಿಯ ಅಧಿಕಾರಿಣಿಯನ್ನು ಕರೆದ. ಆಕೆಗೆ ಇದ್ದದ್ದನ್ನೆಲ್ಲ ವಿವರಿಸಿದೆ. ಸಂಕ್ರಾಂತಿಯ ದಿನ ಐದು ವರ್ಷದೊಳಗಿನ ಮಕ್ಕಳನ್ನು ಮಣೆಯ ಮೇಲೆ ಕೂರಿಸುತ್ತೇವೆ. ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಬೆರೆಸಿ ಪಾವಿನಲ್ಲಿ ತುಂಬಿ ನೆತ್ತಿಯ ಮೇಲೆ ಎರೆಯುತ್ತೇವೆ, ದೃಷ್ಟಿ ಹೋಗಲಿ ಎಂದು. ಉರುಳಿದ್ದನ್ನು ಉಳಿದ ಮಕ್ಕಳು ಮುಗಿಬಿದ್ದು ಆರಿಸಿಕೊಳ್ಳುತ್ತಾರೆ. ಆಕೆ ಕೈಕಟ್ಟಿ ನಿಂತು ಕೇಳಿದಳು. "ಎಷ್ಟು ಚೆಂದದ ಪದ್ಧತಿ!" ಎಂದಳು. ಮುಖದಲ್ಲಿ ನಿಜವಾದ ಮೆಚ್ಚುಗೆ ಇತ್ತು. ಮೆಚ್ಚಿಕೊಳ್ಳುತ್ತಲೇ ಡಬ್ಬಿಯನ್ನು ಕಸದ ತೊಟ್ಟಿಗೆ ಬೋರಲು ಹಾಕಿದಳು.

ನಮ್ಮಲ್ಲಿ ಕಚೇರಿಯವರು ಮೊದಲು ಗದರಿ, ಮೇಜು ಗುದ್ದಿ, ಕೊನೆಗೆ "ಹೋಗಮ್ಮಾ, ಇದೊಂದು ಸಲ" ಎಂದು ಬಿಟ್ಟುಬಿಡುತ್ತಾರೆ. ಇಲ್ಲಿ ಹೊಗಳಿ ಕಿತ್ತುಕೊಳ್ಳುತ್ತಾರೆ. ಯಾವುದು ಮೇಲು ಎಂದು ನಾನಿನ್ನೂ ತೀರ್ಮಾನಿಸಿಲ್ಲ.

ಜಾನ್ಸನ್‌ವಿಲ್, ಮೊದಲ ವಾರ

ತಂಗಿ ವಿಮಲಾ ವೆಲ್ಲಿಂಗ್ಟನ್ನಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳ ಗಂಡ ಪ್ರಕಾಶ ಮೈಸೂರಿನವನು, ರಸ್ತೆ ಸೇತುವೆಗಳ ಎಂಜಿನಿಯರ್. ಮದುವೆಯಾಗಿ ಬಹಳ ಕಾಲ ಕಾದ ಮೇಲೆ ಹುಟ್ಟಿದ ಮಗಳು ಆದ್ಯಾ. ಏಪ್ರಿಲ್ ಕೊನೆಗೆ ಅವಳಿಗೆ ಐದು ತುಂಬುತ್ತದೆ. ಒಂದು ವರ್ಷ ಅಮ್ಮನ ಡ್ಯೂಟಿ, ಇನ್ನೊಂದು ವರ್ಷ ಮಗಳ ಜ್ವರ ಎಂದು ತಪ್ಪಿಹೋಗಿ, ಎಲಚಿ ಎರೆಯಲು ಉಳಿದದ್ದು ಇದೊಂದೇ ಸಂಕ್ರಾಂತಿ. ನಾನು ಹೈಸ್ಕೂಲಿನಲ್ಲಿ ಬಯಾಲಜಿ ಕಲಿಸಿ ನಿವೃತ್ತಳಾದವಳು, ದೃಷ್ಟಿ ಗಿಷ್ಟಿಯಲ್ಲಿ ನಂಬಿಕೆಯಿಲ್ಲ. ಆದರೂ ಅಷ್ಟು ದೂರ ಡಬ್ಬಿ ಹೊತ್ತು ಬಂದಿದ್ದೆ. ಅದನ್ನು ಯಾರೂ ಎತ್ತಿ ಆಡಬಾರದು.

ಮೊದಲ ದಿನವೇ ಒಂದು ಪೇಚಾಟವಾಯಿತು. ಸೂಪರ್‌ಮಾರ್ಕೆಟ್ಟಿನೊಳಗೆ ಒಬ್ಬ ಗಂಡಸು, ಅವನ ಹಿಂದೆ ಇಬ್ಬರು ಮಕ್ಕಳು, ಎಲ್ಲರೂ ಬರಿಗಾಲಲ್ಲಿ ಹೋಗುತ್ತಿದ್ದರು. ಒಳಗೆ ದೇವರನ್ನೇನಾದರೂ ಕೂರಿಸಿದ್ದಾರೋ ಎಂದು ನಾನೂ ಬಾಗಿಲಲ್ಲೇ ಚಪ್ಪಲಿ ಬಿಟ್ಟೆ. ಹಾಲು ಮೊಸರು ಹಿಡಿದು ಹೊರಬಂದರೆ ಚಪ್ಪಲಿ ಇಲ್ಲ. ಕಳ್ಳತನವೇ ಇಲ್ಲದ ಊರು ಎಂದು ಪ್ರಕಾಶ ಕಾರಿನಲ್ಲಿ ದಾರಿಯುದ್ದಕ್ಕೂ ಕೊರೆದಿದ್ದ. ಕಡೆಗೆ ಗೊತ್ತಾಯಿತು, ಯಾರೋ ಪುಣ್ಯಾತ್ಮರು ಪಾಪ ಯಾರದೋ ಮರೆತುಹೋಗಿದೆ ಎಂದು ಅದನ್ನು ಜೋಪಾನವಾಗಿ ಒಳಗಿನ ಕೌಂಟರಿಗೆ ಕೊಟ್ಟಿದ್ದರು. ಕಳ್ಳರಿರುವ ಊರಿನಲ್ಲಿ ಚಪ್ಪಲಿ ಕಾಯುವವನೂ ಇರುತ್ತಾನೆ. ಒಳ್ಳೆಯವರ ಊರಿನಲ್ಲಿ ನಮ್ಮ ಚಪ್ಪಲಿಯನ್ನು ನಾವೇ ಕಾಯಬೇಕು.

ಜಾನ್ಸನ್‌ವಿಲ್‌ನಲ್ಲಿ ಗಾಳಿಯೂ ಮನೆಯವರ ಪೈಕಿ ಒಬ್ಬ. ಬೆಳಿಗ್ಗೆ ಬಾಗಿಲು ತೆಗೆದರೆ ಎಲ್ಲರಿಗಿಂತ ಮೊದಲು ಒಳಗೆ ಬರುವವನು ಅವನೇ. ಆ ಗಾಳಿಗೆ ಎದೆಯೊಡ್ಡಿ ಪ್ರಕಾಶ ನನಗೆ ಹಿತ್ತಲು ತೋರಿಸಿದ. ಈ ದೇಶದ ಮಣ್ಣಲ್ಲೇ ಹುಟ್ಟಿ ಬೆಳೆದ ಗಿಡಗಳಿಗೆ ಇಲ್ಲಿ ನೇಟಿವ್ ಎನ್ನುತ್ತಾರೆ. ಅವುಗಳನ್ನು ನೆಡುವ, ಉಳಿದವನ್ನು ಕೀಳುವ ಬಳಗವೊಂದು ಅವರ ಬೀದಿಯಲ್ಲಿದೆ. ಪ್ರಕಾಶ ಅದರ ಕಾರ್ಯದರ್ಶಿ. ಕೋಫೈ, ಹಾರಕೆಕೆ, ಮಾನುಕಾ ಎಂದು ಒಂದೊಂದೇ ಗಿಡದ ಮುಂದೆ ನಿಂತು ಹೆಸರು ಹೇಳಿದ. ಸಂಧ್ಯಾವಂದನೆಯಲ್ಲೂ ಅವನು ಇಷ್ಟು ಸ್ಪಷ್ಟವಾಗಿ ಉಚ್ಚರಿಸಿದ್ದನ್ನು ನಾನು ಕೇಳಿರಲಿಲ್ಲ. ವಿಮಲಾ ಹಾಕಿದ್ದ ಗುಲಾಬಿ ಹೋಗಿತ್ತು, ದಾಸವಾಳ ಹೋಗಿತ್ತು, ಮಲ್ಲಿಗೆಯೂ ಹೋಗಿತ್ತು. ಕರಿಬೇವಿನ ಗಿಡವೊಂದು ಮಾತ್ರ ಬಚ್ಚಲುಮನೆಯ ಕಿಟಕಿಯಲ್ಲಿ ಹೀಟರ್ ಹಾಕಿಸಿಕೊಂಡು ಬೆಚ್ಚಗಿತ್ತು.

"ಇದು ನೇಟಿವ್ವಾ?" ಎಂದೆ.

"ಅದು ಮನೆ ಒಳಗಿದೆ ಅಕ್ಕ. ತೋಟದ ಲೆಕ್ಕಕ್ಕೆ ಬರಲ್ಲ."

ಹಿತ್ತಲ ಮೂಲೆಯಲ್ಲಿ ಇನ್ನೊಂದು ಮರವಿತ್ತು. ನನ್ನ ತಲೆಗಿಂತ ಸ್ವಲ್ಪ ಎತ್ತರ. ಚಿಕ್ಕ ಕತ್ತರಿಸಿದಂಥ ಎಲೆ, ಉದ್ದನೆಯ ಮುಳ್ಳು, ಗೊಂಚಲು ಗೊಂಚಲು ಹಸಿರು ಕಾಯಿ. ಪ್ರಕಾಶ ಅದರ ಮುಂದೆ ಮಾತ್ರ ನಿಲ್ಲಲಿಲ್ಲ. ಏನದು ಎಂದು ಕೇಳಿದ್ದಕ್ಕೆ, "ಹಾಥಾರ್ನ್. ತೆಗೀಬೇಕು," ಎಂದ.

"ಮುಟ್ಟಿದ್ರೆ ನೋಡಿ," ಎಂದು ಅಡುಗೆಮನೆಯ ಕಿಟಕಿಯಿಂದ ವಿಮಲಾಳ ದನಿ ಬಂತು.

ಬೇಲಿ

ಆ ಮರದ ಕಥೆಯನ್ನು ವಿಮಲಾ ಬಟ್ಟೆ ಮಡಿಸುತ್ತಾ ಹೇಳಿದಳು. ಆದ್ಯಾ ಹುಟ್ಟಿದಾಗ ಅವಳಿಗೆ ಮಗುವಿನ ಹೆಸರಲ್ಲಿ ಒಂದು ತೆಂಗಿನ ಸಸಿ ಇಡಬೇಕೆಂಬ ಆಸೆ. ವೆಲ್ಲಿಂಗ್ಟನ್ನಿನ ಚಳಿಯಲ್ಲಿ ತೆಂಗು ಎಲ್ಲಿಂದ ಬರಬೇಕು? ಬಾಣಂತಿ ಅಳುತ್ತಾ ಕೂತಿದ್ದಾಗ ಪಕ್ಕದ ಮನೆಯ ಜೋನ್ ಎಂಬ ಮುದುಕಿ ತನ್ನ ಬೇಲಿಯಿಂದ ಒಂದು ಸಸಿ ಕಿತ್ತು ತಂದು, "ಇದು ಯಾವ ಗಾಳಿಗೂ ಬಗ್ಗುವುದಿಲ್ಲ," ಎಂದು ಕೊಟ್ಟಳಂತೆ. ಇಲ್ಲಿಗೆ ಬಂದ ಇಂಗ್ಲಿಷರು ತಮ್ಮೂರಿನ ಬೇಲಿಯೇ ಬೇಕೆಂದು ಹಾಥಾರ್ನನ್ನು ತಂದು ನೆಟ್ಟವರು. ಜೋನ್‌ಳ ಅಜ್ಜಿಯೂ ಅವರಲ್ಲೊಬ್ಬಳು. ವಿಮಲಾ ಅದಕ್ಕೆ ಅಕ್ಕಿ ತೊಳೆದ ನೀರು ಹಾಕಿದಳು, ಗಾಳಿಗೆ ಮರೆ ಕಟ್ಟಿದಳು, ಡ್ಯೂಟಿಯಿಂದ ಬಂದು ಮೊದಲು ಅದನ್ನು ನೋಡಿ ಆಮೇಲೆ ಒಳಗೆ ಬಂದಳು. ಈ ವರ್ಷ ಅದು ಮೊದಲ ಸಲ ಹೂ ಬಿಟ್ಟು ಕಾಯಿ ಕಚ್ಚಿತ್ತು.

"ಅವಳೂ ಲೇಟಾಗಿ ಬಂದೋಳು, ಇದೂ ಲೇಟಾಗಿ ಕಾಯಿ ಬಿಟ್ಟಿದೆ ಕಣಕ್ಕಾ. ಹಣ್ಣಾಗೋದನ್ನ ನಾನು ನೋಡ್ಬೇಕು. ಅದರ ಮುಂಚೆ ಇವರು ಗರಗಸ ಹಿಡಿದ್ರೆ ನಾನು ಮನೇಲಿರಲ್ಲ."

ಪ್ರಕಾಶನ ಅವಸರಕ್ಕೂ ಕಾರಣವಿತ್ತು. ಏಪ್ರಿಲ್‌ನ ಒಂದು ಭಾನುವಾರ ಬಳಗದವರು ಅವನ ತೋಟ ನೋಡಲು ಬರುವವರಿದ್ದರು. ಕಾರ್ಯದರ್ಶಿಯ ಹಿತ್ತಲಲ್ಲೇ ಹಾಥಾರ್ನ್! ಹಕ್ಕಿಗಳು ಅದರ ಹಣ್ಣು ತಿಂದು ಕಾಡಿಗೆ ಹೋಗಿ ಬೀಜ ಉದುರಿಸುತ್ತವೆ, ಮುಳ್ಳಿನ ಪೊದೆ ಎದ್ದು ಅಲ್ಲಿನ ಗಿಡಗಳನ್ನು ಮೇಲೇಳಲು ಬಿಡುವುದಿಲ್ಲ. ಶನಿವಾರ ಬಂತೆಂದರೆ ಬಳಗದವರು ಕೈಗವಸು ಹಾಕಿಕೊಂಡು ಗುಡ್ಡ ಹತ್ತಿ ಕೀಳುವುದೇ ಅದನ್ನು.

ಇಬ್ಬರೂ ನನ್ನನ್ನು ಪಂಚಾಯ್ತಿಗೆ ಕೂರಿಸಿದರು. ನನಗೆ ಸಂಕಟ. ಪಾಠದ ಪ್ರಕಾರ ಪ್ರಕಾಶ ಹೇಳಿದ್ದು ಸರಿ. ಶಾಲೆಯ ಮೈದಾನದಲ್ಲಿ ವರ್ಷ ವರ್ಷ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕಾಂಗ್ರೆಸ್ ಗಿಡ ಕೀಳಿಸಿದವಳು ನಾನು. ಹೊರಗಿನಿಂದ ಬಂದ ಗಿಡ ಏನು ಮಾಡುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಕಾಂಗ್ರೆಸ್ ಗಿಡಕ್ಕೆ ಯಾವ ಬಾಣಂತಿಯೂ ಅಕ್ಕಿ ತೊಳೆದ ನೀರು ಹಾಕಿರಲಿಲ್ಲ. ಒಂದು ಪ್ರಶ್ನೆ ಮಾತ್ರ ಕೇಳಿದೆ. "ಪಕ್ಕದಲ್ಲಿ ಜೋನ್ ಬೇಲಿ ಪೂರ್ತಿ ಇದೇ ಗಿಡ ಅಲ್ಲವೇನಪ್ಪಾ? ಅದರ ಗತಿ?"

ಪ್ರಕಾಶ ದನಿ ತಗ್ಗಿಸಿದ. "ಅದು ಅವರದು ಅಕ್ಕ. ನಾವು ಹೋಗಿ ಹೇಳಿದ್ರೆ ಚೆನ್ನಾಗಿರಲ್ಲ."

ಸಂಕ್ರಾಂತಿ

ಈ ದೇಶದಲ್ಲಿ ಸಂಕ್ರಾಂತಿ ನಡುಬೇಸಿಗೆಯಲ್ಲಿ ಬರುತ್ತದೆ. ನಮಗೆ ಸೂರ್ಯ ಹತ್ತಿರ ಬರಲು ಹೊರಟ ದಿನ, ಇವರಿಗೆ ದೂರ ಹೋಗಲು ಹೊರಟ ದಿನ. ಕನ್ನಡದವರೆಲ್ಲ ಸೇರಿದ್ದ ಹಾಲ್‌ನಲ್ಲಿ ಮೈಸೂರಿನ ಇನ್ನಿಬ್ಬರು ಎಂಜಿನಿಯರುಗಳು ಇದರ ಮೇಲೆ ಚರ್ಚೆಗಿಳಿದರು. ನಿಜವಾದ ಉತ್ತರಾಯಣ ಇಲ್ಲಿ ಜೂನ್‌ನಲ್ಲಿ ಬರಬೇಕೆಂದು ಒಬ್ಬನ ವಾದ. ಹಾಗಾದರೆ ಯುಗಾದಿಯನ್ನು ಏನು ಮಾಡುವುದೆಂದು ಇನ್ನೊಬ್ಬನದು. ಪೊಂಗಲ್ ಆರಿತು. ಹೆಂಗಸರು ಮಾತ್ರ ಯಾವ ದಿಕ್ಕಿನ ಸೂರ್ಯನನ್ನೂ ವಿಚಾರಿಸದೆ ಎಳ್ಳುಬೆಲ್ಲ ಬೀರಿ ಮುಗಿಸಿದರು.

ಎಲಚಿಗೆ ಬದಲಾಗಿ ಪ್ರಕಾಶ ಬ್ಲೂಬೆರ್ರಿ ತಂದಿದ್ದ. ದುಂಡಗಿದೆ, ಸಣ್ಣಗಿದೆ, ಆರೋಗ್ಯಕ್ಕೂ ಒಳ್ಳೆಯದು ಎಂದ. ಆದ್ಯಾಳನ್ನು ಮಣೆಯ ಮೇಲೆ ಕೂರಿಸಿ ಎರೆದೆವು. ಅರ್ಧ ಒಡೆದು ರೇಷ್ಮೆ ಲಂಗವೆಲ್ಲ ನೇರಳೆ ಬಣ್ಣವಾಯಿತು. ಉಳಿದರ್ಧವನ್ನು ಮಗು ತಲೆಯಿಂದ ಹೆಕ್ಕಿ ಬಾಯಿಗೆ ಹಾಕಿಕೊಂಡು, "ಮೋರ್, ದೊಡ್ಡಮ್ಮ!" ಎಂದಿತು. ವಿಮಲಾ ಪಾವನ್ನು ಕೆಳಗಿಟ್ಟು, "ಇದು ಲೆಕ್ಕಕ್ಕಿಲ್ಲ. ನಮ್ಮ ಮರದ್ದು ಹಣ್ಣಾದ ಮೇಲೆ ಎರೀತೀನಿ. ಐದು ತುಂಬೋಕೆ ಏಪ್ರಿಲ್ ವರೆಗೆ ಟೈಮಿದೆ," ಎಂದು ಘೋಷಿಸಿದಳು. ಪ್ರಕಾಶ ಮನಸ್ಸಿನಲ್ಲೇ ದಿನ ಎಣಿಸುತ್ತಿದ್ದುದು ಮುಖದಲ್ಲಿ ಕಾಣುತ್ತಿತ್ತು. ಕೊನೆಗೆ, ಬಳಗದವರು ಬರುವುದರೊಳಗೆ ಮುಗಿಸುವುದಾದರೆ ಆಗಲಿ ಎಂದು ಒಪ್ಪಿದ.

ಪಾಪಟೋಟೊಯಿ

ಫೆಬ್ರವರಿಯಲ್ಲಿ ಪರಿಚಯದವರ ಮನೆಗೆಂದು ಆಕ್ಲೆಂಡಿನ ಪಾಪಟೋಟೊಯಿಗೆ ಹೋದೆ. ಅಲ್ಲಿನ ಮುಖ್ಯ ಬೀದಿಯಲ್ಲಿ ನಡೆದರೆ ದೇಶ ಬಿಟ್ಟು ಬಂದದ್ದೇ ಮರೆತುಹೋಗುತ್ತದೆ. ಹಾಗಲಕಾಯಿ, ಸೀರೆ, ಜಿಲೇಬಿ, ಅಗರಬತ್ತಿ, ಎಲ್ಲ ಉಂಟು. ಎಲಚಿ ಒಂದಿಲ್ಲ. ಅವರು ನನ್ನನ್ನು ಕಾಡು ತೋರಿಸಲು ಕರೆದೊಯ್ದರು. ದೊಡ್ಡ ಮರಗಳಿಗೆ ರೋಗ ತಗಲಬಾರದೆಂದು ಕಾಡಿನ ಬಾಗಿಲಲ್ಲೇ ಬೂಟು ಉಜ್ಜಲು ಬ್ರಷ್ಷು, ಅದ್ದಲು ಔಷಧಿ ನೀರು ಇಟ್ಟಿದ್ದಾರೆ. ನಾವು ದೇವಸ್ಥಾನದ ಹೊರಗೆ ಚಪ್ಪಲಿ ಬಿಡುತ್ತೇವೆ, ಇವರು ತೊಳೆದು ಒಳಗೆ ಕರೆದೊಯ್ಯುತ್ತಾರೆ. ಮರಕ್ಕೆ ಇಷ್ಟು ಮಡಿ ಮಾಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಪ್ರಕಾಶನ ಮೇಲಿನ ಸಿಟ್ಟು ಅಲ್ಲಿ ಸ್ವಲ್ಪ ಇಳಿಯಿತು.

ವಾಪಸು ಬರುವ ಮುನ್ನ ಚೀನೀಯರ ಅಂಗಡಿಯೊಂದರಲ್ಲಿ ಒಣಗಿದ ಕೆಂಪು ಖರ್ಜೂರದಂಥ ಹಣ್ಣು ಕಂಡೆ. ಕೈಗೆತ್ತಿಕೊಂಡ ಕೂಡಲೇ ಗುರುತು ಸಿಕ್ಕಿತು. ನಮ್ಮ ಎಲಚಿಯ ಖಾಸಾ ದಾಯಾದಿ, ಒಂದೇ ಕುಲ. ವಿಮಾನ ನಿಲ್ದಾಣದಲ್ಲಿ ಕಳೆದುಕೊಂಡ ಮಾನ ಮರಳಿ ಸಿಕ್ಕಷ್ಟು ಖುಷಿಯಾಗಿ ಒಂದು ಪೊಟ್ಟಣ ಕಟ್ಟಿಸಿಕೊಂಡು ಜಾನ್ಸನ್‌ವಿಲ್‌ಗೆ ಬಂದೆ. ವಿಮಲಾ ಪೊಟ್ಟಣವನ್ನು ತಿರುಗಿಸಿ ನೋಡಿ ಕಪಾಟಿನಲ್ಲಿಟ್ಟಳು.

"ಇದು ಅಂಗಡೀದು ಅಕ್ಕಾ," ಎಂದಳು.

ಅವಳಿಗೆ ಬೇಕಾದದ್ದು ಎಲಚಿಯೂ ಅಲ್ಲ, ಅದರ ದಾಯಾದಿಯೂ ಅಲ್ಲ ಎಂಬುದು ನನ್ನಂಥ ಬುದ್ಧಿವಂತೆಗೆ ಆಗ ಹೊಳೆಯಿತು.

ಶನಿವಾರ ಬೆಳಿಗ್ಗೆ

ಏಪ್ರಿಲ್‌ಗೆ ಹಾಥಾರ್ನ್ ಕೆಂಪಾಯಿತು. ಜೋನ್‌ಳ ಬೇಲಿಯಂತೂ ಉದ್ದಕ್ಕೂ ಉರಿಯುತ್ತಿತ್ತು. ಭಾನುವಾರ ಬಳಗದವರು ಬರುತ್ತಾರೆ, ಶನಿವಾರ ಬೆಳಿಗ್ಗೆ ಹಣ್ಣು ಎರೆಯುವುದು, ಮಧ್ಯಾಹ್ನ ಮರ ಕಡಿಯುವುದು ಎಂದು ಗಂಡ ಹೆಂಡಿರ ನಡುವೆ ಒಪ್ಪಂದವಾಗಿತ್ತು. ಒಪ್ಪಂದ ಎಂದರೆ ವಿಮಲಾ ಎರಡನೆಯ ಭಾಗವನ್ನು ಕೇಳಿಸಿಕೊಳ್ಳದವಳಂತೆ ಇದ್ದಳು.

ಬೆಳಿಗ್ಗೆ ನಾನು ಬುಟ್ಟಿ ಹಿಡಿದು ಹೋಗಿ ಒಂದು ಗೊಂಚಲಿಗೆ ಕೈ ಹಾಕಿದೆ. "ಅಕ್ಕ, ಅಕ್ಕ, ತಡೀರಿ!" ಎಂದು ಪ್ರಕಾಶ ಓಡಿ ಬಂದ. ಮಡಿ ಉಟ್ಟಿದ್ದ. ಕೈಯಲ್ಲಿ ಅರಿಶಿನ ಕುಂಕುಮದ ಬಟ್ಟಲು.

"ಮೊದಲ ಫಲ ಅಲ್ವಾ? ಪೂಜೆ ಮಾಡದೆ ಹಾಗೆ ಕೀಳೋದಾ? ಮೈಸೂರಲ್ಲಿ ನಮ್ಮಮ್ಮ ನೋಡಿದ್ರೆ ಏನಂತಾರೆ!"

ಜಾನ್ಸನ್‌ವಿಲ್‌ನ ಗಾಳಿಗೆ ಪಂಚೆ ಹಾರುತ್ತಿತ್ತು. ಒಂದು ಕೈಯಲ್ಲಿ ಅದನ್ನು ಹಿಡಿದು ಇನ್ನೊಂದರಲ್ಲಿ ಹಾಥಾರ್ನಿಗೆ ನೀರೆರೆದ, ಬೊಡ್ಡೆಗೆ ಅರಿಶಿನದ ದಾರ ಸುತ್ತಿದ, ಕುಂಕುಮ ಇಟ್ಟ, ಮಂತ್ರ ಹೇಳಿ ಪ್ರದಕ್ಷಿಣೆ ಬಂದು ಅಡ್ಡಬಿದ್ದ. ಅದೊಂದು ಗಳಿಗೆ ಅವನಿಗೆ ಅದು ಕಳೆಗಿಡವಾಗಿ ಕಾಣಲಿಲ್ಲ. ಬೇಲಿಯಾಚೆಯಿಂದ ಜೋನ್ ಕುತ್ತಿಗೆ ಚಾಚಿ, ತನ್ನ ಬೇಲಿಗೂ ಸ್ವಲ್ಪ ಆಶೀರ್ವಾದ ಆಗಬಹುದೇ ಎಂದು ಕೇಳಿದಳು. ಪ್ರಕಾಶ ಅದಕ್ಕೂ ನಾಲ್ಕು ಹನಿ ನೀರು ಚಿಮುಕಿಸಿದ.

ಆಮೇಲೆ ಎಲ್ಲರೂ ಕೂಡಿ ಒಂದು ಹಣ್ಣೂ ಬಿಡದೆ ಕಿತ್ತೆವು. ಆದ್ಯಾಳನ್ನು ಡೆಕ್ ಎಂಬ ಮರದ ಜಗಲಿಯ ಮೇಲೆ ಮಣೆ ಹಾಕಿ ಕೂರಿಸಿದೆವು. ವಿಮಲಾ ಪಾವು ತುಂಬಿ ಮಗಳ ನೆತ್ತಿಯ ಮೇಲೆ ಎರೆದಳು. ಕೆಂಪು ಹಣ್ಣು ಕೂದಲಿನಿಂದ ಭುಜಕ್ಕೆ, ಭುಜದಿಂದ ಮಡಿಲಿಗೆ ಉರುಳಿತು. ಮಗು ಕಣ್ಣು ಮುಚ್ಚಿ ನಗುತ್ತಾ, "ಇಟ್ ಟಿಕಲ್ಸ್, ಅಮ್ಮ!" ಎಂದು ಕೂಗಿತು. ವಿಮಲಾ ಮತ್ತೆ ಮತ್ತೆ ತುಂಬಿ ಎರೆದಳು. ಬುಟ್ಟಿ ಖಾಲಿಯಾದ ಮೇಲೂ ಬಿದ್ದದ್ದನ್ನು ಬಾಚಿ ಎರೆದಳು. ನನಗೆ ಅಳು ಬಂತು. ಗಾಳಿಗೆ ಎಂದು ಹೇಳಿ ಕಣ್ಣು ಒರೆಸಿಕೊಂಡೆ.

ಶನಿವಾರ ಮಧ್ಯಾಹ್ನ

ಊಟವಾದ ಮೇಲೆ ಪ್ರಕಾಶ ಗರಗಸ ಹಿಡಿದು ಹಿತ್ತಲಿಗೆ ಹೋದವನು ಬಹಳ ಹೊತ್ತು ಬರಲಿಲ್ಲ. ನೋಡಲು ಹೋದೆ. ಮರದ ಮುಂದೆ ನಿಂತಿದ್ದ. ಗರಗಸ ಕೈಯಲ್ಲಿ ಹಾಗೇ ಇತ್ತು. ಕಡಿದ ಬುಡಕ್ಕೆ ಹಚ್ಚುವ ವಿಷದ ಬಾಟಲಿ ಪಕ್ಕದ ಕಲ್ಲಿನ ಮೇಲಿತ್ತು.

"ಅಕ್ಕ, ಕುಂಕುಮ ಇಟ್ಟುಬಿಟ್ಟೆನಲ್ಲ," ಎಂದ. "ಬೆಳಿಗ್ಗೆ ಅಡ್ಡಬಿದ್ದ ಮರಕ್ಕೆ ಮಧ್ಯಾಹ್ನ ಗರಗಸ ಹಾಕೋದು ಹೇಗೆ?"

ನನಗೆ ನಗು ತಡೆಯಲಾಗಲಿಲ್ಲ. ಕಾರ್ಯದರ್ಶಿಯನ್ನು ಪುರೋಹಿತ ಕಟ್ಟಿಹಾಕಿದ್ದ. ಅವನು ಗರಗಸದ ಹಿಡಿಯನ್ನು ನನ್ನ ಕಡೆ ತಿರುಗಿಸಿ, "ನಿಮಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ಸೈನ್ಸ್ ಓದಿದೋರು. ನೀವು ಕಡೀಬಹುದಲ್ವಾ?" ಎಂದ.

"ನಂಬಿಕೆ ಇಲ್ಲ ಸರಿ. ಅದಕ್ಕಂತ ನನ್ನ ತಂಗಿ ಮರ ಕಡಿಯೋಳಲ್ಲ ನಾನು. ಬಿಡಪ್ಪಾ, ಒಂದು ಮರ ಇದ್ರೆ ಇರಲಿ. ಅವರೇನು ನಿನ್ನ ಗಡೀಪಾರು ಮಾಡ್ತಾರಾ?"

ತಮಾಷೆಗೆ ಅಂದೆ. ಅವನು ನಗಲಿಲ್ಲ.

"ಇಲ್ಲಿ ಇಷ್ಟು ವರ್ಷದಲ್ಲಿ ಯಾರೂ ನನಗೆ ಒಂದು ಕೆಟ್ಟ ಮಾತು ಆಡಿಲ್ಲ ಅಕ್ಕ. ಅದಕ್ಕೇ ಭಯ. ಬೈದ್ರೆ ವಾಪಸ್ ಬೈಬಹುದು. ಇವರು ಏನೂ ಅನ್ನಲ್ಲ, ನಗ್ತಾರೆ. ಒಳಗೆ ಏನಂದ್ಕೋತಾರೋ ಗೊತ್ತಾಗಲ್ಲ. ನೋಡು, ಎಲ್ಲಿಂದಲೋ ಬಂದ, ಬಂದೋನು ನಮ್ಮ ಮಣ್ಣು ಕೆಡಿಸಿದ ಅಂತ ಒಬ್ಬರಿಗೂ ಅನ್ನಿಸಬಾರದು. ನನ್ನ ಮಗಳು ಇಲ್ಲೇ ಬೆಳೀಬೇಕಲ್ಲ."

ಅಷ್ಟು ವರ್ಷಗಳಿಂದ ಅವನ ನೇಟಿವ್ ಭಕ್ತಿಯನ್ನು ಫೋನಿನಲ್ಲಿ ಆಡಿಕೊಂಡು ನಕ್ಕವಳು ನಾನು. ತಿರುಗಿ ನೋಡಿದರೆ ವಿಮಲಾ ಹಿಂದೆಯೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಗಂಡನ ಮುಖವನ್ನೇ ನೋಡಿದಳು, ಡ್ಯೂಟಿಯಲ್ಲಿ ರೋಗಿಯನ್ನು ನೋಡುವ ಹಾಗೆ.

"ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ ನೀವು?"

ಅವಳು ಅವನ ಕೈಯಿಂದ ಗರಗಸ ತೆಗೆದುಕೊಂಡಳು. ಬೊಡ್ಡೆಯ ದಾರ ಬಿಚ್ಚಿ ಸೆರಗಿನಲ್ಲಿ ಕಟ್ಟಿಕೊಂಡಳು. ಮರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಮಂಡಿಯೂರಿ ಕೂತಳು. ಪ್ರಕಾಶ "ಬೇಡ ವಿಮ್ಲಾ, ಬೇಡ" ಎನ್ನುತ್ತಲೇ ಇದ್ದ. ಅವಳು ನಿಲ್ಲಿಸಲಿಲ್ಲ. ಎಳೆಯ ಮರ, ಬೇಗ ಮುಗಿಯಿತು.

ಭಾನುವಾರ

ಬಳಗದವರು ಬಂದರು. ಅವರ ಮುಂದಾಳು ಹೆಲೆನ್, ನರೆಗೂದಲಿನ ಹೆಂಗಸು, ಯೂಟ್ ಎಂಬ ತೆರೆದ ಬೆನ್ನಿನ ಗಾಡಿಯಲ್ಲಿ ಹಾರೆ ಗುದ್ದಲಿ ತುಂಬಿಕೊಂಡೇ ತಿರುಗುವವಳು. ಕೋಫೈ ಮೆಚ್ಚಿದರು, ಹಾರಕೆಕೆ ಮೆಚ್ಚಿದರು. ವಿಮಲಾ ಮಾಡಿದ ನಿಪ್ಪಟ್ಟನ್ನು ಎಲ್ಲಕ್ಕಿಂತ ಹೆಚ್ಚು ಮೆಚ್ಚಿದರು. ಮೂಲೆಗೆ ಬಂದಾಗ ಹೆಲೆನ್ ಕಡಿದ ಬುಡ ನೋಡಿ ನಿಂತಳು.

"ಅಯ್ಯೋ! ಮಗಳು ಹುಟ್ಟಿದಾಗ ನೆಟ್ಟ ಮರವಲ್ಲವೇ ಇದು? ಜೋನ್ ಹೇಳಿದ್ದಳು. ನೋಡಬೇಕೆಂದೇ ಬಂದೆ. ಹಿತ್ತಲಲ್ಲಿ ಒಂದಿದ್ದರೆ ಏನಾಗುತ್ತಿತ್ತು ಪ್ರಕಾಶ್? ಹಕ್ಕಿಗೆ ಸಿಗದಂತೆ ವರ್ಷಕ್ಕೊಮ್ಮೆ ಹಣ್ಣು ಕಿತ್ತುಕೊಂಡಿದ್ದರೆ ಸಾಕಿತ್ತಲ್ಲ."

ಪಕ್ಕದ ಬೇಲಿಯಲ್ಲಿ ಕರಿಹಕ್ಕಿಗಳು ಸಂತೆ ನೆರೆದು ಕೆಂಪು ಹಣ್ಣು ನುಂಗುತ್ತಿದ್ದವು. ಬಳಗದವರು ಯಾರೂ ಆ ಕಡೆ ತಿರುಗಲಿಲ್ಲ. ಪ್ರಕಾಶ ಇಲ್ಲಿನವರ ಹಾಗೆಯೇ ಹೆಗಲು ಕುಣಿಸಿ, "ನೋ ವರಿಸ್," ಎಂದ. ವಿಮಲಾ ಖಾಲಿ ತಟ್ಟೆ ಎತ್ತಿಕೊಂಡಳು.

ಹೊರಡುವಾಗ ಹೆಲೆನ್‌ಗೆ ಏನೋ ನೆನಪಾಯಿತು. "ಬುಡಕ್ಕೆ ವಿಷ ಹಚ್ಚಿದೆಯಲ್ಲವೇ? ಕಡಿದ ಕೂಡಲೇ ಹಚ್ಚದಿದ್ದರೆ ಹಾಥಾರ್ನ್ ಮತ್ತೆ ಚಿಗುರುತ್ತದೆ, ನಿನಗೆ ಗೊತ್ತಲ್ಲ."

ಗೊತ್ತಿರಲೇಬೇಕು. ಬಳಗದ ಎಲ್ಲರಿಗೂ ಅದನ್ನು ಹೇಳಿಕೊಟ್ಟವನು ಅವನೇ. ನಾನು ಕಲ್ಲಿನ ಕಡೆ ನೋಡಿದೆ. ಬಾಟಲಿ ಅಲ್ಲೇ ಇತ್ತು, ಮುಚ್ಚಳದ ಮೇಲಿನ ಸೀಲ್ ಹರಿದಿರಲಿಲ್ಲ. ವಿಮಲಾಳೂ ಅದನ್ನೇ ನೋಡುತ್ತಿದ್ದಳು.

"ಹಚ್ಚಿದ್ದೀನಿ," ಎಂದ ಪ್ರಕಾಶ, ಹೆಲೆನ್‌ಳ ಕಣ್ಣಲ್ಲಿ ಕಣ್ಣಿಟ್ಟು. "ಚೆನ್ನಾಗಿ ಹಚ್ಚಿದ್ದೀನಿ."